ಹುಣಸೆಹಣ್ಣಿನಲ್ಲಿ ತೊಳೆದ ರೂಪಾಯಿ

"ಅಲ್ಲಮ್ಮಾ, ಇದನ್ನ ಯಾವುದರಲ್ಲಿ ತಿಕ್ಕಿದ್ರಿ? ಹುಣಸೆಹಣ್ಣಾ, ವಿಭೂತಿನಾ?"

ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ನಡೆಯುತ್ತಿತ್ತು. ಅಜ್ಜಿಯ 1862ರ ಬೆಳ್ಳಿ ರೂಪಾಯಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಒಂದು ಟೇಬಲ್ ಹತ್ತಿರ ನಿವೃತ್ತ ಮೇಷ್ಟ್ರೊಬ್ಬರು ಕೂತಿದ್ದರು. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಬಲ್ಬಿನ ಕೆಳಗೆ ಒಮ್ಮೆ ವಾಲಿಸಿದರು, ಅಷ್ಟೇ. ಮೂರು ಸೆಕೆಂಡೂ ಆಗಿರಲಿಲ್ಲ. ನಮ್ಮ ಮನೆಯ ಅಡುಗೆಮನೆಯೊಳಗೆ ಇಣುಕಿ ನೋಡಿದವರ ಹಾಗೆ ಆ ಪ್ರಶ್ನೆ ಕೇಳಿದರು.

ಎರಡೂ ಅಂದೆ. ನಗಲಿಲ್ಲ ಪುಣ್ಯಾತ್ಮರು.

ಅಜ್ಜಿಯ ಡಬ್ಬಿಯಲ್ಲಿ ಹದಿನಾಲ್ಕು ಬೆಳ್ಳಿ ರೂಪಾಯಿಗಳಿದ್ದವು. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅವನ್ನು ಹೊರಗೆ ತೆಗೆಯುವುದು, ಹುಣಸೆಹಣ್ಣಿನಲ್ಲಿ ನೆನೆಸುವುದು, ವಿಭೂತಿ ಹಾಕಿ ಬಟ್ಟೆಯಲ್ಲಿ ಗಸಗಸ ತಿಕ್ಕುವುದು, ಅರಿಶಿನ ಕುಂಕುಮ ಇಟ್ಟು ಕಳಶದ ಮುಂದೆ ಜೋಡಿಸುವುದು. ಅಜ್ಜಿ ಆದಮೇಲೆ ಅಮ್ಮ, ಅಮ್ಮನ ಜೊತೆ ನಾನು. ಎಷ್ಟು ಹೊಳೆದರೆ ಅಷ್ಟು ಖುಷಿ. ಹೊಳೆಯುವ ನಾಣ್ಯವೇ ಒಳ್ಳೆಯ ನಾಣ್ಯ ಅಂತ ನಾನು ನಲವತ್ತು ವರ್ಷ ನಂಬಿದ್ದೆ. ಗ್ರೇಡಿಂಗ್, ಅಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಅಳೆಯುವುದನ್ನು ಕಲಿಯುವುದು ಅಂದರೆ ನನಗೆ ಮೊದಲು ಈ ನಂಬಿಕೆಯನ್ನು ಬಿಡುವುದೇ ಆಗಿತ್ತು.

ಮೇಷ್ಟ್ರು ತಮ್ಮ ಚೀಲದಿಂದ ಇನ್ನೊಂದು ರೂಪಾಯಿ ತೆಗೆದು ಪಕ್ಕದಲ್ಲಿಟ್ಟರು. ಐದನೇ ಜಾರ್ಜ್ ಇರುವ 1918ರದ್ದು. ನೋಡೋಕೆ ನನ್ನದಕ್ಕಿಂತ ಮಂಕು. ಅಂಚಿನ ಹತ್ತಿರ ಕಂದು, ಅಲ್ಲಲ್ಲಿ ನೀಲಿ. "ಈಗ ವಾಲಿಸಿ ನೋಡಿ" ಅಂದರು. ವಾಲಿಸಿದೆ. ಆ ಮಂಕಿನ ಒಳಗಿನಿಂದ ಬೆಳಕಿನ ಒಂದು ಪಟ್ಟಿ ಎದ್ದು, ಬಂಡಿ ಚಕ್ರದ ಅರದ ಹಾಗೆ ನಾಣ್ಯದ ಸುತ್ತ ತಿರುಗಿತು. ನನ್ನ ನಾಣ್ಯ ವಾಲಿಸಿದರೆ ಬೆಳಕು ಒಂದೇ ಸಲ ಪಳಕ್ ಅಂತ ಹೊಡೆದು ಸತ್ತುಹೋಗುತ್ತಿತ್ತು, ಸ್ಟೀಲ್ ತಟ್ಟೆಯ ಹಾಗೆ.

ಕಾರಣ ಸರಳ. ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಆ ಗೆರೆಗಳ ಮೇಲೆ ಬಿದ್ದ ಬೆಳಕೇ ಹಾಗೆ ತಿರುಗುವುದು. ಬೆಳ್ಳಿ ಕಪ್ಪಾಗುವುದು ಅಂದರೆ ಮೇಲಿನ ಬೆಳ್ಳಿಯೇ ಗಾಳಿಯಲ್ಲಿರುವ ಗಂಧಕದ ಜೊತೆ ಸೇರಿ ಬೇರೆ ವಸ್ತುವಾಗುವುದು. ಹುಣಸೆಹಣ್ಣು, ವಿಭೂತಿ, ಬಟ್ಟೆ ಸೇರಿ ಆ ಕಪ್ಪನ್ನೂ ಅದರ ಕೆಳಗಿನ ಗೆರೆಗಳನ್ನೂ ಅಳಿಸುತ್ತವೆ. ಒಮ್ಮೆ ಹೋದರೆ ಮತ್ತೆ ಬರಲ್ಲ.

ನಾನು ಹನುಮಂತನಗರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ದಿನವಿಡೀ ಸ್ಲೈಡ್ ನೋಡುವ ಕೆಲಸ. ಹಾಗಾಗಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಒಂದು ತಗೊಂಡು ಅದೇ ರಾತ್ರಿ ಹದಿನಾಲ್ಕನ್ನೂ ನೋಡಿದೆ. ವಿಕ್ಟೋರಿಯಾ ರಾಣಿಯ ಕೆನ್ನೆಯ ಮೇಲೆ, ಬಯಲಾಗಿರುವ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು. ಎಲ್ಲವೂ ಒಂದೇ ದಿಕ್ಕಿಗೆ. ಕೈಯಿಂದ ಕೈಗೆ ಓಡಾಡಿ ಆದ ಗೀರು ಹಾಗಿರುವುದಿಲ್ಲ, ಅಡ್ಡಾದಿಡ್ಡಿ ಇರುತ್ತದೆ. ನಮ್ಮ ಮನೆಯ ಬಟ್ಟೆ ಎಡದಿಂದ ಬಲಕ್ಕೆ ಓಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಇನ್ನು ಅಂಕಿಗಳ ವಿಷಯ. ಗ್ರೇಡ್ 1ರಿಂದ 70ರವರೆಗೆ ಇರುತ್ತದೆ. ನೂರರವರೆಗೆ ಯಾಕಿಲ್ಲ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬುವವರು ಆ ದೇಶದ ಹಳೇ ತಾಮ್ರದ ಸೆಂಟ್‌ಗಳಿಗಾಗಿ ಈ ಅಳತೆ ಮಾಡಿದರು. ಪೂರ್ತಿ ಸವೆದ ನಾಣ್ಯದ ಬೆಲೆ ಒಂದು ಅಂದರೆ ಅತ್ಯುತ್ತಮವಾದದ್ದರ ಬೆಲೆ ಅದರ ಎಪ್ಪತ್ತು ಪಟ್ಟು ಅನ್ನುವುದು ಅವರ ಲೆಕ್ಕ. ಬೆಲೆಯ ಲೆಕ್ಕ ಬೇಗನೆ ತಪ್ಪಿತು, ಅಂಕಿ ಮಾತ್ರ ಉಳಿಯಿತು. ಈಗ ನಮ್ಮ ರಾಣಿ ರೂಪಾಯಿಗೂ ಅದೇ ಅಳತೆ.

60ರಿಂದ ಮೇಲೆ ಅಂದರೆ ಚಲಾವಣೆಗೇ ಹೋಗದ ನಾಣ್ಯ, ಎಂಎಸ್ ಅಂತ ಬರೆಯುತ್ತಾರೆ. 50ರಿಂದ 58 ಎಯು, ಅಂದರೆ ಎತ್ತರದ ಜಾಗದಲ್ಲಿ ಮಾತ್ರ ಚೂರು ಸವೆತ. 40, 45 ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್). 20ರಿಂದ 35 ವಿಎಫ್ (ವೆರಿ ಫೈನ್). ಅದರ ಕೆಳಗೆ ಎಫ್ (ಫೈನ್), ವಿಜಿ (ವೆರಿ ಗುಡ್), ಜಿ. ಜಿ ಅಂದರೆ ಗುಡ್, ಆದರೆ ಗುಡ್ ಅಂತ ಬರೆದ ನಾಣ್ಯ ನಿಜಕ್ಕೂ ಸವೆದು ಸುಣ್ಣವಾಗಿರುತ್ತದೆ. ಇದು ನನಗೆ ಇವತ್ತಿಗೂ ತಮಾಷೆ.

ಪುಸ್ತಕದಿಂದ ಇದು ಬರುವುದಿಲ್ಲ. ನಾನು ಮಾಡಿದ್ದು ಹೀಗೆ. ನಾಣ್ಯವನ್ನು ರಟ್ಟಿನ ಹೋಲ್ಡರ್‌ಗೆ ಹಾಕುವ ಮುಂಚೆ ಒಂದೇ ಟೇಬಲ್ ಲ್ಯಾಂಪಿನ ಕೆಳಗೆ ನೋಡುವುದು. ಟ್ಯೂಬ್‌ಲೈಟ್ ಬೇಡ, ಅದು ಗೀರುಗಳನ್ನು ಮುಚ್ಚಿಡುತ್ತದೆ. ಮೊದಲು ಬರಿಗಣ್ಣಲ್ಲಿ, ಆಮೇಲೆ ಲೂಪ್‌ನಲ್ಲಿ. ವಿಕ್ಟೋರಿಯಾ ಆದರೆ ಕೆನ್ನೆ, ಕಿರೀಟದ ಕೆಳಗಿನ ಕೂದಲು, ಎದೆಯ ಮೇಲಿನ ಉಡುಪಿನ ಕುಸುರಿ. ಸವೆತ ಶುರುವಾಗುವುದೇ ಅಲ್ಲಿಂದ. ನನ್ನ ಊಹೆಯನ್ನು ಪೆನ್ಸಿಲ್‌ನಲ್ಲಿ ಹೋಲ್ಡರ್ ಹಿಂದೆ ಬರೆದು ಎತ್ತಿಡುವುದು. ತಿಂಗಳ ನಂತರ ಹಿಂದೆ ನೋಡದೆ ಮತ್ತೆ ಊಹಿಸುವುದು. ಮೊದಲ ಸಲ ನಾನು 45 ಅಂದದ್ದನ್ನು ಎರಡನೇ ಸಲ 25 ಅಂದೆ. ನಾಣ್ಯ ಬದಲಾಗಿರಲಿಲ್ಲ, ನನ್ನದು ಅನ್ನುವ ಮೋಹ ಸ್ವಲ್ಪ ಇಳಿದಿತ್ತು ಅಷ್ಟೇ.

ಅಜ್ಜಿಯ ಡಬ್ಬಿಯಲ್ಲಿ ಎರಡು ರೂಪಾಯಿಗಳು ಕಾಸಿನ ಸರದಲ್ಲಿ ಇದ್ದಂಥವು. ಕೊಂಡಿ ಕಿತ್ತಿದ್ದಾರೆ, ಬೆಸುಗೆಯ ಗುರುತು ಅಂಚಿನಲ್ಲಿ ಹಾಗೇ ಇದೆ. ಇಂಥ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಗಳು ಅಂಕಿ ಕೊಡುವ ಬದಲು 'ಡೀಟೇಲ್ಸ್' ಅಂತ ಬರೆದು, ಪಕ್ಕದಲ್ಲಿ ಏನಾಗಿದೆ ಅಂತ ಹಾಕುತ್ತವೆ: ಆಭರಣದಲ್ಲಿತ್ತು, ತೊಳೆದದ್ದು, ಗೀರಿದೆ. ಚಿತ್ರ ಎಷ್ಟು ಚೆನ್ನಾಗಿ ಉಳಿದಿದ್ದರೂ ಅಷ್ಟೇ. ಹಾಗಾಗಿ ಈಗ ನಾನು ಯಾವ ನಾಣ್ಯ ಕೊಳ್ಳುವಾಗಲೂ ಮೊದಲು ಅಂಚು ನೋಡುತ್ತೇನೆ, ಮುಖ ಆಮೇಲೆ.

ಇನ್ನೊಂದು ವಿಷಯ. 1862 ಅಂದ ತಕ್ಷಣ ನಮ್ಮ ಬಂಧುಬಳಗ ಲಕ್ಷದ ಮಾತಾಡಿತು. ಅಸಲಿಗೆ ಆ ಇಸವಿಯನ್ನೇ 1870ರ ದಶಕದ ಆರಂಭದವರೆಗೂ ರೂಪಾಯಿಗಳ ಮೇಲೆ ಒತ್ತುತ್ತಾ ಹೋದರು. ಮುಂಬೈ ಟಂಕಸಾಲೆಯವರು ನಿಜವಾದ ವರ್ಷ ತಿಳಿಯಲಿ ಅಂತ ಹಿಂಬದಿಯಲ್ಲಿ ಸಣ್ಣ ಚುಕ್ಕಿಗಳನ್ನು ಇಟ್ಟರು. ಆದ್ದರಿಂದ 1862 ಅಪರೂಪ ಅಲ್ಲ, ಕೆಲವು ಚುಕ್ಕಿಗಳ ಜೋಡಣೆ ಮಾತ್ರ ಅಪರೂಪ. ನನ್ನದರಲ್ಲಿ ಚುಕ್ಕಿ ಎಣಿಸೋಣ ಅಂದರೆ ವಿಭೂತಿ ಅದನ್ನೂ ಬಿಟ್ಟಿರಲಿಲ್ಲ.

ಇಷ್ಟೆಲ್ಲ ಕಲಿತಮೇಲೂ ಮೋಸ ಹೋದೆ. ಆನ್‌ಲೈನ್‌ನಲ್ಲಿ ಒಬ್ಬರು 'ಯುಎನ್‌ಸಿ, ಫುಲ್ ಲಸ್ಟರ್' ಅಂತ, ಅಂದರೆ ಚಲಾವಣೆಗೆ ಹೋಗದ, ಪೂರ್ತಿ ಹೊಳಪಿನದ್ದು ಅಂತ ಬರೆದ ರೂಪಾಯಿಯೊಂದನ್ನು ಹಾಕಿದ್ದರು. ಫೋಟೋದಲ್ಲಿ ಕಣ್ಣು ಕೋರೈಸುವ ಬಿಳುಪು. ಮನೆಗೆ ಬಂದಾಗ ವಾಲಿಸಿದೆ. ಪಳಕ್. ಯಂತ್ರದಲ್ಲಿ ಪಾಲಿಶ್ ಮಾಡಿದ್ದರು. ವಾಪಸ್ ತಗೊಳ್ಳಲಿಲ್ಲ. 'ಯುಎನ್‌ಸಿ' ಅಂತ ಮಾರುವವರು ಬರೆದದ್ದು ಅವರ ಅಭಿಪ್ರಾಯ ಮಾತ್ರ ಅಲ್ವಾ? ಆಗ ಸರ್ಟಿಫಿಕೇಶನ್ ಕಡೆ ತಿರುಗಿದೆ.

ಇದರಲ್ಲಿ ದೊಡ್ಡ ಹೆಸರುಗಳು ಎರಡು, ಎರಡೂ ಅಮೆರಿಕದವು. 1986ರಲ್ಲಿ ಶುರುವಾದ ಪಿಸಿಜಿಎಸ್, 1987ರ ಎನ್‌ಜಿಸಿ. ಅವರು ನಾಣ್ಯ ಅಸಲಿಯೇ ಅಂತ ನೋಡಿ, ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾರೆ. ಸ್ಲ್ಯಾಬ್ ಅಂತಾರೆ. ಒಡೆಯದೆ ತೆಗೆಯಲಾಗದು. ಲೇಬಲ್ ಮೇಲೆ ಒಂದು ನಂಬರ್ ಇರುತ್ತದೆ.

ನಾನು ಒಂದೇ ಒಂದು ಸ್ಲ್ಯಾಬ್ ಕೊಂಡೆ. ಕಲಿಯೋಕೆ ಅಂತ, ಐದನೇ ಜಾರ್ಜ್ ರೂಪಾಯಿ, ಎನ್‌ಜಿಸಿ ಎಂಎಸ್ 62. ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಫೋನ್‌ನಲ್ಲಿ ಅವರ ವೆಬ್‌ಸೈಟ್ ತೆಗೆದು ನಂಬರ್ ಹಾಕಿದೆ. ಫೋಟೋ ಬಂತು. ಫೋಟೋದಲ್ಲಿ ರಾಜನ ಕಿವಿಯ ಹಿಂದೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಕೈಯಲ್ಲಿದ್ದ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕಿ. ನಂಬರ್ ಸರಿ ಇದ್ದರೆ ಸಾಲದು, ಹೀಗೆ ಒಂದು ಗುರುತು ಹಿಡಿದು ತಾಳೆ ನೋಡಬೇಕು. ಯಾಕಂದರೆ ಅಸಲಿ ನಂಬರ್ ಹಾಕಿದ ನಕಲಿ ಸ್ಲ್ಯಾಬ್‌ಗಳೂ ಇವೆ.

ನನ್ನ ನಾಣ್ಯಗಳನ್ನೇ ಕಳಿಸಿ ಗ್ರೇಡ್ ಮಾಡಿಸಬಾರದಾ ಅಂತ ಒಬ್ಬ ಏಜೆಂಟರನ್ನು ಕೇಳಿದೆ. "ಕೊಡಿ ಮೇಡಂ, ನಾವು ಕಳಿಸ್ತೀವಿ" ಅಂದರು. ಮೇಷ್ಟ್ರಿಗೆ ಹೇಳಿದಾಗ ಹುಬ್ಬು ಗಂಟಿಕ್ಕಿದರು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಗ್ರೇಡ್ ಮಾಡಿಸಿ ವಾಪಸ್ ತರಿಸ್ತೀನಿ ಅಂದುಕೊಂಡು ಕಳಿಸಿದರೂ ಗಡಿ ದಾಟಿದ್ದು ದಾಟಿದ್ದೇ. ಅಲ್ಲಿಗೆ ನನ್ನ ರಾಣಿ ರೂಪಾಯಿಗಳ ಅಮೆರಿಕ ಪ್ರವಾಸ ರದ್ದಾಯಿತು. ಕಳಿಸುವ ಹಾಗಿದ್ದರೂ ಫೀಸು, ಕೊರಿಯರ್, ವಿಮೆ ಸೇರಿ ಖರ್ಚು ನಾಣ್ಯದ ಬೆಲೆಯನ್ನೇ ಮೀರುತ್ತಿತ್ತು. ಮಾಮೂಲಿ ನಾಣ್ಯಕ್ಕೆ ಸ್ಲ್ಯಾಬ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ನೋಡೋಕೆ ನನಗೆ ಲ್ಯಾಬ್ ಬುದ್ಧಿ ನೆರವಾಯಿತು. ಬ್ರಿಟಿಷರ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ 91.7. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, ಆ ನಾಣ್ಯಗಳಿಗೆ ಈ ಲೆಕ್ಕ ಬೇಡ. ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತರಬೇಕು. ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಲ್ಲಿ ಮುಳುಗಿಸಬೇಕು, ತಳ ಮುಟ್ಟಬಾರದು. ಅಜ್ಜಿಯದು ಗಾಳಿಯಲ್ಲಿ 11.58 ಗ್ರಾಂ, ನೀರಲ್ಲಿ ತೋರಿಸಿದ್ದು 1.12. ಭಾಗಿಸಿದರೆ ಸಾಂದ್ರತೆ 10.34. ಆ ಬೆಳ್ಳಿಗೆ ಬರಬೇಕಾದ್ದು ಅದೇ. ತಾಮ್ರ ನಿಕ್ಕಲ್ ಮಿಶ್ರಣದ ನಕಲಿ ಆದರೆ 9ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ನಾಣ್ಯವನ್ನು ಒರೆಸಬೇಡಿ, ಟಿಶ್ಯೂ ಮೇಲಿಟ್ಟು ಒತ್ತಿ ತೆಗೆಯಿರಿ.

ಒಂದು ಕಡೆ ಶ್ರೀರಾಮ ಸೀತೆ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಇರುವುದನ್ನು ಮಾತ್ರ ತೂಗುವ ಕಷ್ಟವೂ ಬೇಡ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ವೈಷ್ಣೋದೇವಿ ಚಿತ್ರವಿರುವ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ ಅನ್ನುವ ಫೋನುಗಳೂ ಅಷ್ಟೇ. ತನ್ನ ಹೆಸರು ಹೇಳಿ ಹಳೇ ನೋಟು ನಾಣ್ಯದ ವ್ಯವಹಾರದಲ್ಲಿ ದುಡ್ಡು ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಈಗ ನಾಣ್ಯಕ್ಕೆ ಜಿಡ್ಡು ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯುತ್ತೇನೆ, ತಿಕ್ಕುವುದಿಲ್ಲ. ಕಿಟಕಿ ತೆಗೆದು, ಒಲೆಯಿಂದ ದೂರ ಕೂತು. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಮೆತ್ತನೆ ಪಿವಿಸಿ ಕವರ್‌ಗಳನ್ನೂ ಎಸೆದೆ, ವರ್ಷಗಳು ಕಳೆದರೆ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತವೆ.

ಹೋದ ವರಮಹಾಲಕ್ಷ್ಮಿಗೆ ಅಮ್ಮನ ಜೊತೆ ರಾಜಿ ಆಯಿತು. ಈಗಾಗಲೇ ತಿಕ್ಕಿಸಿಕೊಂಡ ಹದಿನಾಲ್ಕು ಅವರಿಗೆ, ಹುಣಸೆಹಣ್ಣಿಗೆ ಅಡ್ಡಿಯಿಲ್ಲ. ನನ್ನ ಸ್ಲ್ಯಾಬ್ ಕೂಡ ಕಳಶದ ಮುಂದೆ ಬರಲಿ, ಆದರೆ ಯಾರೂ ಅದನ್ನು ತೊಳೆಯುವಂತಿಲ್ಲ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ಕಪ್ಪಗಿದೆಯೇ ಇದು, ಇದಕ್ಕೆ ಅಷ್ಟು ದುಡ್ಡು ಕೊಟ್ಯಾ?" ಅಂದರು. ಆಮೇಲೆ ಉಂಗುರಬೆರಳಲ್ಲಿ ಕುಂಕುಮ ತಗೊಂಡು, ಸರಿಯಾಗಿ ಎಂಎಸ್ 62ರ ಪಕ್ಕ, ಪ್ಲಾಸ್ಟಿಕ್ಕಿನ ಮೇಲೆ ಇಟ್ಟರು.