ಒಡೆದ ಸಭೆಯಲ್ಲಿ ಮೊದಲು ಲೆಕ್ಕ, ಆಮೇಲೆ ಕ್ಷಮೆ

ಕ್ರೈಸ್ತ ಸಭೆ, ಅಂದರೆ ಒಂದು ಚರ್ಚಿನ ಜನ, ಎರಡು ಗುಂಪಾಗಿ, ಕೂಗಾಟ ನಿಂತ ಮೇಲೆ ಹಿರಿಯರಿಗೆ ಹೊಳೆಯುವ ಮೊದಲ ಉಪಾಯ ಎಂದರೆ ಒಂದು ಭಾನುವಾರ ಎರಡೂ ಕಡೆಯವರನ್ನು ಮುಂದಕ್ಕೆ ಕರೆದು ಕೈಕುಲುಕಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಕಾಣಿಕೆ ಹಣದ ಪ್ರಶ್ನೆ ಹಾಗೇ ಉಳಿದಿರುತ್ತದೆ, ಆಡಿದ ಮಾತನ್ನು ಯಾರೂ ವಾಪಸ್ ತೆಗೆದುಕೊಂಡಿರುವುದಿಲ್ಲ. ಮುಂದಿನ ಕಮಿಟಿ ಚುನಾವಣೆ ಹೊತ್ತಿಗೆ ಅದೇ ಜಗಳ ಮತ್ತೆ ಏಳುತ್ತದೆ.

ಬೈಬಲಿನ ಮತ್ತಾಯ 18ರ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ನಿಧಾನವಾಗಿ ಓದಿ: ಅರಸನಿಂದ ದೊಡ್ಡ ಸಾಲ ಮನ್ನಾ ಪಡೆದ ಆಳು ತನಗೆ ಬರಬೇಕಿದ್ದ ಜೊತೆಯಾಳಿನ ಸಾಲವನ್ನು ಬಿಡಲಿಲ್ಲ. ಅರಸನು ಆಳಿನ ಸಾಲ ಬಿಟ್ಟದ್ದು 27ನೇ ವಚನದಲ್ಲಿ. ಅದಕ್ಕೂ ಮೊದಲು, 23ರಲ್ಲಿ, ಅವನು ಲೆಕ್ಕ ತೆಗೆದುಕೊಳ್ಳುವುದಕ್ಕೆ ಹೊರಟಿದ್ದ. ಎಷ್ಟು ಬಿಡುತ್ತಿದ್ದೇನೆಂದು ತಿಳಿದೇ ಬಿಟ್ಟ. ಜೊತೆಯಾಳಿನ ಸಾಲವಾದ 100 ದಿನಾರಿಯೂ (ಆಗಿನ ಬೆಳ್ಳಿ ನಾಣ್ಯ) ಚಿಲ್ಲರೆಯಲ್ಲ. ದಿನಕ್ಕೊಂದು ದಿನಾರಿ ಕೂಲಿಯಂತೆ ನೂರು ದಿನದ ದುಡಿಮೆ. ನೊಂದವರಿಗೆ 'ಅದೇನು ದೊಡ್ಡ ವಿಷಯ, ಬಿಟ್ಟುಬಿಡಿ' ಎನ್ನುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ಪುಸ್ತಕಗಳಿಂದ ಶುರುಮಾಡಿ. ಕಳೆದ 3 ವರ್ಷದ ಕ್ಯಾಶ್ ಬುಕ್, ರಸೀದಿ ಪುಸ್ತಕ, ವೋಚರ್, ಪಾಸ್‌ಬುಕ್, ಕಮಿಟಿಯ ನಡಾವಳಿ ಪುಸ್ತಕ ಎಲ್ಲವನ್ನೂ ಸಭೆಯ ಸದಸ್ಯರಲ್ಲದ ಆಡಿಟರ್ ಕೈಗೆ ಕೊಡಿ. ಫಲಿತಾಂಶವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ನೋಟಿಸ್ ಬೋರ್ಡಿಗೆ ಹಚ್ಚಿ: ಬಂದದ್ದು, ಹೋದದ್ದು, ಉಳಿದದ್ದು, ವೋಚರ್ ಸಿಗದ ಖರ್ಚು. ಈ ಕೊನೆಯ ಸಾಲಿನಲ್ಲೇ ಹೆಚ್ಚು ಅನಾಹುತ ಆಗುವುದು. ಗಾರೆ ಕೆಲಸದವರಿಗೆ ಕೈಯಲ್ಲಿ ಕೊಟ್ಟ ಕೂಲಿಗೆ ಚೀಟಿ ಇಲ್ಲದಿರುವುದು ಅಜಾಗರೂಕತೆ, ಕಳ್ಳತನವಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿ. ದುರ್ಬಳಕೆ ನಿಜವೆಂದು ಸಾಬೀತಾದರೆ ಬೈಬಲಿನ ಅರಣ್ಯಕಾಂಡ 5:7ರ ಅಳತೆ ಇದೆ: ಅಸಲು, ಅದರ ಮೇಲೆ ಐದನೇ ಒಂದು ಭಾಗ. 50,000 ರೂಪಾಯಿಗೆ 60,000. ಯೇಸುವನ್ನು ಕಂಡು ಮನಸ್ಸು ಬದಲಿಸಿದ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದದ್ದು ಅವನೇ ಮನಸಾರೆ ಹೇಳಿದ ಮಾತು. ಅದನ್ನು ಇನ್ನೊಬ್ಬರ ಮೇಲೆ ದಂಡವಾಗಿ ಹೇರುವಂತಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪವಿದ್ದರೆ ಈ ಬರಹದ ಯಾವ ಹಂತವೂ ಅನ್ವಯಿಸುವುದಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಭೆಯೊಳಗೆ ರಾಜಿ ಮಾಡಿ ಮುಚ್ಚುವುದು ಅಪರಾಧ, ಪಾಪವೂ ಹೌದು.

ಲೆಕ್ಕ ಹೊರಬಂದ ಮೇಲೆ ಮನೆಗಳಿಗೆ ಹೋಗುವ ಕೆಲಸ. ಅದಕ್ಕೂ ಮುಂಚೆ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ ಬರೆಯಲಿ: ನಾನು ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು, ನಾನೇ ಊಹಿಸಿದ್ದು. ಮೊದಲ ಭಾಗ ಎಷ್ಟು ಚಿಕ್ಕದೆಂದು ಗೊತ್ತಾದಾಗಲೇ ಹಲವರ ದನಿ ತಗ್ಗುತ್ತದೆ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಅಷ್ಟು ದಿನ ಆರಾಧನೆಯ ಸಮಯ, ಸಾವಿನ ಸುದ್ದಿ ಬಿಟ್ಟು ಬೇರೇನೂ ಬೇಡ.

ಯೇಸು ಹೇಳಿದ ಕ್ರಮ ಮತ್ತಾಯ 18:15-17ರಲ್ಲಿದೆ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಕೊನೆಗೆ ಸಭೆಯ ಮುಂದೆ. ನಾವು ಇದನ್ನು ತಲೆಕೆಳಗಾಗಿಸಿ ನೇರ ಮೂರನೆಯದಕ್ಕೆ ಹೋಗುತ್ತೇವೆ. ಭೇಟಿ ಮುಕ್ಕಾಲು ಗಂಟೆ ಮೀರದಿರಲಿ. ಹೋದವರು ಬಳಸುವ ಮಾತು ಬಹಳ ಮುಖ್ಯ. 'ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ' ಎಂಬುದು ಕ್ಷಮೆ ಕೇಳಿದಂತಲ್ಲ. 'ಏನಾದರೂ', 'ಇದ್ದರೆ' ಎರಡೂ ತಪ್ಪಿಸಿಕೊಳ್ಳುವ ಪದಗಳು. ಹೀಗೆ ಹೇಳಿ: 'ಅಣ್ಣಾ, ಕಮಿಟಿ ಮೀಟಿಂಗ್‌ನಾಗೆ ಎಲ್ಲರ ಮುಂದೆ ನಿಮ್ಮನ್ನ ಕಳ್ಳ ಅಂದೆ. ಪುಸ್ತಕ ನೋಡದೇನೇ ಅಂದೆ. ಅದು ತಪ್ಪು. ಅದೇ ಜನರ ಮುಂದೆ ಆ ಮಾತು ವಾಪಸ್ ತಗಂತೀನಿ.' ಎಷ್ಟು ಜನರ ಮುಂದೆ ಅವಮಾನಿಸಿದಿರೋ ಅಷ್ಟೇ ಜನರ ಮುಂದೆ ಸರಿಪಡಿಸಬೇಕು. ಎದುರಿನವರು ಆ ಕ್ಷಣಕ್ಕೇ 'ಕ್ಷಮಿಸಿದೆ' ಎನ್ನಲಿ ಎಂದು ಕಾಯಬೇಡಿ. ಕ್ಷಮಿಸಿದವರೂ ಖಜಾಂಚಿಯ ಬೀಗದಕೈಯನ್ನು ಮರುದಿನವೇ ವಾಪಸ್ ಕೊಡಬೇಕಿಲ್ಲ. ಕ್ಷಮೆ ಬೇರೆ, ನಂಬಿಕೆ ಮತ್ತೆ ಬೆಳೆಯುವುದು ಬೇರೆ.

ಮಧ್ಯಸ್ಥರನ್ನು ಊರಿನ ಹೊರಗಿಂದ ಕರೆಯಿರಿ. ದಾವಣಗೆರೆಯ ಜಗಳಕ್ಕೆ ಚಿತ್ರದುರ್ಗದವರು, ಚಿತ್ರದುರ್ಗದ್ದಕ್ಕೆ ಹರಿಹರದವರು ಬರಲಿ. ಊರೊಳಗೆ ಹುಡುಕಿದರೆ ಯಾರನ್ನು ಹಿಡಿದರೂ ಒಂದು ಕಡೆಗೆ ಬೀಗರೇ ಆಗಿರುತ್ತಾರೆ. ಇಬ್ಬರಿರಲಿ, ಒಬ್ಬರು ಹೆಂಗಸಾಗಿರಲಿ. ಬೈಬಲಿನಲ್ಲಿ ಬರುವ ಫಿಲಿಪ್ಪಿ ಪಟ್ಟಣದ ಸಭೆಯಲ್ಲಿ ಮನಸ್ತಾಪ ಮಾಡಿಕೊಂಡ ಇಬ್ಬರೂ ಸ್ತ್ರೀಯರು. ಅವರಿಗೆ ಸಹಾಯ ಮಾಡೆಂದು ಅಪೊಸ್ತಲ ಪೌಲ ಮೂರನೆಯವರನ್ನು ಕೇಳಿಕೊಂಡ.

ಕೋರ್ಟಿನಲ್ಲಿ ದಾವೆ ಇದ್ದರೆ ಬಾಯಿಮಾತಿನ ರಾಜಿ ಸಾಲದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ಗೆ ಹಾಕಿಸಿ. ಅಲ್ಲಿನ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.

ಬಿಟ್ಟುಹೋದವರನ್ನು ಎಳೆದು ತರಬೇಡಿ. ಪ್ರಯಾಣದ ನಡುವೆ ಬಿಟ್ಟುಹೋಗಿದ್ದ ಮಾರ್ಕನ ವಿಷಯಕ್ಕೆ ಪೌಲ, ಅವನ ಜೊತೆಗಾರ ಬಾರ್ನಬ ತೀಕ್ಷ್ಣವಾಗಿ ವಾದಿಸಿ ಅಗಲಿದರು; ವರ್ಷಗಳ ನಂತರ ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನೆಂದು ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ. ಬೇರೆ ಸಭೆಯಲ್ಲಿ ಆರಾಧಿಸುತ್ತಲೇ ಸಮಾಧಾನವಾಗಿರಬಹುದು.

ವಾರಗಟ್ಟಲೆ ನಿದ್ದೆ, ಊಟ ತಪ್ಪಿದವರಿಗೆ ಉಪವಾಸ ಪ್ರಾರ್ಥನೆ ಹೇಳಬೇಡಿ. ಡಾಕ್ಟರ ಹತ್ತಿರ ಕಳಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿ, ಕರೆ ಉಚಿತ.

ಮೊದಲ ವರ್ಷ ಕೆಲವು ದಿನಗಳಲ್ಲಿ ವಿಶೇಷ ಎಚ್ಚರ ಬೇಕು. ಆಚೆ ಗುಂಪಿನ ಮನೆಯಲ್ಲಿ ಸಾವಾದರೆ ಕರೆ ಬರಲೆಂದು ಕಾಯದೆ ಹೋಗಿ, ಮಣ್ಣಿಗೂ ನಿಲ್ಲಿ. ಕೊಯ್ಲಿನ ಹಬ್ಬದಲ್ಲಿ ಜನ ತಂದ ಬೆಳೆ ಕಾಣಿಕೆಗಳ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಗುಂಪು ಸೆಣಸಿ ಹಳೇ ಕಿಚ್ಚು ಹತ್ತುವುದುಂಟು. ಆ ವರ್ಷ ನಿಗದಿತ ಬೆಲೆಗೆ ಮಾರಿ. ಡಿಸೆಂಬರಿನಲ್ಲಿ ಕ್ಯಾರಲ್ಸ್‌ಗೆ, ಅಂದರೆ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡಲು, ಹೊರಡುವಾಗ ಮನೆಗಳ ಪಟ್ಟಿಯನ್ನು ಈಗಿನ ಹಾಜರಿ ನೋಡಿ ಬರೆಯಬೇಡಿ, ಒಡೆಯುವ ಮುಂಚಿನ ಸದಸ್ಯರ ರಿಜಿಸ್ಟರ್ ನೋಡಿ ಬರೆಯಿರಿ. ಬಾಗಿಲು ತೆರೆಯದ ಮನೆ ಮುಂದೆಯೂ ಒಂದು ಚರಣ ಹಾಡಿ, ಆ ಹೆಸರನ್ನು ಮುಂದಿನ ವರ್ಷದ ಪಟ್ಟಿಯಲ್ಲೂ ಇಡಿ.