ಓದಿನ ಹಿನ್ನೆಲೆ ಸಂಗೀತ: ತಾನಾಗಿಯೇ ಮುಗಿದುಹೋಗುವ ಪಟ್ಟಿ, ನನ್ನ ಅನುಭವ

ಪರೀಕ್ಷೆಗೆ ಕೂತಾಗ ಕಿವಿಯಲ್ಲಿ ಏನಾದರೂ ಇರಲೇಬೇಕು ಎನ್ನುವ ಜಾತಿಯವರಿಗೆ ಮಾತ್ರ ಇದು. ಪೂರ್ತಿ ನಿಶ್ಶಬ್ದದಲ್ಲಿ ಓದಬಲ್ಲವರು ಪುಣ್ಯವಂತರು, ಅವರಿಗೆ ಇದರ ಗೊಡವೆ ಬೇಡ. ನಾನು ಕಂಡುಕೊಂಡ ಪದ್ಧತಿ ಇಷ್ಟೇ: ಮೊದಲ ಅರ್ಧ ತಾಸು ಸಂಗೀತ, ಅದು ತನ್ನಷ್ಟಕ್ಕೆ ತೆಳುವಾಗುತ್ತಾ ಹೋಗಿ ಮೌನವಾಗಬೇಕು, ಉಳಿದ ಓದೆಲ್ಲ ಆ ಮೌನದಲ್ಲೇ. ಕೇಳಿದವರೆಲ್ಲ ನಕ್ಕರು. "ಸಂಗೀತ ನಿಂತ ಕೂಡಲೇ ಗಮನವೂ ಎದ್ದು ಹೋಗುತ್ತೆ ಮಾರಾಯ" ಅಂದರು. ಹೋಗಲಿಲ್ಲ. ನಕ್ಕವರಲ್ಲಿ ಕೆಲವರು ಈಗ ನನ್ನ ಫೈಲನ್ನೇ ಕೇಳಿ ಪಡೆದು ಓದುತ್ತಿದ್ದಾರೆ.

ಇಲ್ಲಿಗೆ ಬರುವ ಮುಂಚೆ ಸುರಿದ ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ದೊಡ್ಡ ಪೆಟ್ಟು ಹೆಡ್‌ಫೋನಿನದು. ಸದ್ದಡಗಿಸುವ ದುಬಾರಿ ಮಾದರಿ ಹಾಕಿಕೊಂಡರೆ ಪಕ್ಕದ ಕೋಣೆಯ ಮಾತು ಮಾಯವಾಗುತ್ತದೆ ಎಂಬ ಲೆಕ್ಕ. ಫ್ಯಾನಿನ ಗುಯ್‌ಗುಡುವಿಕೆ, ದೂರದ ಎಂಜಿನ್ ಸದ್ದು ನಿಜಕ್ಕೂ ಮಾಯವಾದವು. ಮಾತು ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು! ಆ ತಂತ್ರಕ್ಕೆ ಒಂದೇ ಸಮನೆ ಮೊರೆಯುವ ತಗ್ಗು ಸದ್ದು ಸುಲಭದ ತುತ್ತು. ಕ್ಷಣಕ್ಷಣಕ್ಕೂ ಬದಲಾಗುವ ಮಾತಿನ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಎರಡನೆಯದು ಏಕಾಗ್ರತೆ ಕೊಡುತ್ತೇವೆಂದು ತಿಂಗಳ ಚಂದಾ ಕೀಳುವ ಒಂದು ಆ್ಯಪ್. ಮೂರನೆಯದು ಇನ್ನೂ ಚೆಂದ: ಬೈನಾರಲ್ ಬೀಟ್ಸ್ ಕಟ್ಟು, ಅಂದರೆ ಎರಡು ಕಿವಿಗೂ ಸ್ವಲ್ಪ ಬೇರೆ ಬೇರೆ ಸ್ವರ ಕೇಳಿಸಿ ಏಕಾಗ್ರತೆ ತರುತ್ತೇವೆ ಎನ್ನುವ ಫೈಲುಗಳು. ಕೊಂಡ ಫೈಲಿನ ಎಡ, ಬಲ ಚಾನೆಲ್ ಬಿಡಿಸಿ ನೋಡಿದರೆ ಒಂದರಲ್ಲಿ ಸುಮಾರು 200 ಹರ್ಟ್ಸ್, ಇನ್ನೊಂದರಲ್ಲಿ 210, ಮೇಲೆ ಒಂದಿಷ್ಟು ಮಳೆ ಸದ್ದು. ಅಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಇದು ಐದು ನಿಮಿಷದ ಕೆಲಸ, ಅದೂ ಪುಕ್ಕಟೆ. ನಾನೇ ಮಾಡಿಕೊಂಡೆ. ಕೊಂಡದ್ದಕ್ಕೂ ಮಾಡಿಕೊಂಡದ್ದಕ್ಕೂ ನನ್ನ ಓದಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಎರಡೂ ತಲೆನೋವು ತಂದವು.

ಸಾಹಿತ್ಯವಿರುವ ಹಾಡು ಬೇಡ ಅನ್ನುವುದು ನಿಮಗೆಲ್ಲ ಗೊತ್ತು. ಅರ್ಥವಾಗದ ಭಾಷೆಯ ಹಾಡು ಪರವಾಗಿಲ್ಲ ಅನ್ನುವವರು ಇನ್ನೂ ಇದ್ದಾರೆ. ನೆನಪಿಡುವ ಕೆಲಸ ಮಾಡುವಾಗ ಹಿನ್ನೆಲೆಯಲ್ಲಿ ತಿಳಿಯದ ಭಾಷೆಯ ಮಾತು ಬಂದರೂ ನೆನಪು ಕೆಡುತ್ತದೆಂದು ಕೋಲ್ ಮತ್ತು ವೆಲ್ಶ್ ಎಂಬ ಸಂಶೋಧಕರು 1976ರಲ್ಲೇ ತೋರಿಸಿದ್ದರು. ನನಗೂ ಹಾಗೇ ಆಯಿತು. ಇನ್ನು ಗೊತ್ತಿರುವ ಹಾಡನ್ನು ವಾದ್ಯದಲ್ಲಿ ಕೇಳುವುದಂತೂ ಹಾಡಿಗಿಂತ ಕೆಟ್ಟದ್ದು. ವಾದ್ಯ ರಾಗ ನುಡಿಸುತ್ತದೆ, ಸಾಹಿತ್ಯವನ್ನು ನಮ್ಮ ತಲೆಯೇ ಹಾಡಿಕೊಳ್ಳುತ್ತದೆ, ಪಲ್ಲವಿ ಮುಗಿಯುವ ಹೊತ್ತಿಗೆ ಪುಟದ ಮೂರು ಸಾಲು ಹಾರಿಹೋಗಿರುತ್ತವೆ. ಒಂಟಿ ಪಿಟೀಲು, ಒಂಟಿ ಕೊಳಲು ಕೂಡ ನನಗೆ ಆಗಿಬರಲಿಲ್ಲ. ಅವು ಗಂಟಲಿನ ಹಾಗೇ ಬಳುಕುತ್ತವೆ, ಜಾರುತ್ತವೆ. ಕಿವಿ ಅದನ್ನು ಯಾರೋ ಮಾತಾಡುತ್ತಿದ್ದಾರೆಂದೇ ಹಿಂಬಾಲಿಸುತ್ತದೆ. ಪಿಯಾನೊ, ಗಿಟಾರಿನಂಥ ಮೀಟಿ ಬಿಡುವ ನಾದಗಳು ವಾಸಿ.

ದಾರಿ ತೋರಿಸಿದ್ದು ಎಲ್ಲರೂ ತಪ್ಪಾಗಿ ಹೇಳುವ ಮೊಜಾರ್ಟ್ ಕಥೆ, ಅವನ ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂಬುದು. 1993ರ ಆ ಪ್ರಯೋಗದಲ್ಲಿ ಸಂಗೀತ ಕೇಳಿಸಿದ್ದು ಪ್ರಶ್ನೆ ಬಿಡಿಸುವಾಗ ಅಲ್ಲ, ಅದಕ್ಕೆ ಮುಂಚೆ, ಹತ್ತು ನಿಮಿಷ. ಬುದ್ಧಿ ಬೆಳೆಯುವ ಮಾತು ಹಾಗಿರಲಿ, ಸಿಕ್ಕ ಲಾಭ ಕಾಲು ತಾಸೂ ಉಳಿಯಲಿಲ್ಲ, ಅದೂ ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ತಿರುಗಿಸುವ ಕೆಲಸದಲ್ಲಿ ಮಾತ್ರ. ನಾನು ಹಿಡಿದುಕೊಂಡದ್ದು "ಮುಂಚೆ" ಅನ್ನುವುದನ್ನು. ನನ್ನ ತೊಂದರೆ ಓದುವುದಲ್ಲ, ಓದಲು ಕೂರುವುದು. ಸಂಗೀತ ನನಗೆ ಒಲೆ ಹೊತ್ತಿಸುವ ಚಕ್ಕೆ; ಸೌದೆ ಹಿಡಿದ ಮೇಲೂ ಚಕ್ಕೆ ತುರುಕುತ್ತಾ ಕೂತರೆ ಹೊಗೆಯೇ ಗತಿ.

ಈಗ ನನ್ನ ಫೈಲು. ಒಟ್ಟು ಮೂವತ್ತೈದು ನಿಮಿಷದ ಆಸುಪಾಸು. ಮೊದಲ ಹತ್ತು ನಿಮಿಷ ನಿಮಿಷಕ್ಕೆ 70–80 ಬೀಟ್ ಇರುವ, ಹಾಡುವ ದನಿಯಿಲ್ಲದ ಲೋ-ಫೈ, ಅಂದರೆ ಮೆತ್ತಗೆ ಒಂದೇ ಲಯದಲ್ಲಿ ಸಾಗುವ ವಾದ್ಯಸಂಗೀತ. ಆಮೇಲೆ ಹದಿನೈದು ನಿಮಿಷ ತಂಬೂರಿಯ ಶ್ರುತಿ, ಮಂದ್ರದಲ್ಲಿ, ಮೇಲಿನ ಝೇಂಕಾರವನ್ನು ಈಕ್ವಲೈಸರಿನಲ್ಲಿ ಕತ್ತರಿಸಿ. ಇದನ್ನು ಕೇಳಿಯೇ ಹೆಚ್ಚು ಜನ ಮೂಗು ಮುರಿದದ್ದು. "ನಿದ್ದೆ ಬರುತ್ತೆ" ಅಂದರು. ಬೀಟ್ ಆದ ಮೇಲೆ ಬಂದರೆ ನಿದ್ದೆ ಬರಲ್ಲ, ನೇರ ಅದರಿಂದಲೇ ಶುರು ಮಾಡಿದರೆ ಖಂಡಿತ ಬರುತ್ತೆ. ಕೊನೆಯ ಹತ್ತು ನಿಮಿಷ ಬ್ರೌನ್ ನಾಯ್ಸ್ (ಒಂದೇ ಸಮನೆ ಮೊರೆಯುವ ತಗ್ಗು ಸದ್ದು), ನಿಧಾನಕ್ಕೆ ಇಳಿಯುತ್ತಾ ಪೂರ್ತಿ ಫೇಡ್ ಔಟ್. ತಗ್ಗು, ಎತ್ತರದ ಸ್ವರಗಳೆಲ್ಲ ಸಮನಾಗಿರುವ ವೈಟ್ ನಾಯ್ಸ್ ಕಿವಿಗೆ ಚುಚ್ಚುತ್ತದೆ, ಬ್ರೌನ್ ಸ್ವರ ಮೇಲೇರಿದಂತೆ ಒಂದೊಂದು ಆಕ್ಟೇವಿಗೂ (ಸ್ಥಾಯಿಗೂ) 6 ಡೆಸಿಬೆಲ್ ಇಳಿಯುವುದರಿಂದ ಗುಡುಗಿನ ತಳದ ಹಾಗಿರುತ್ತದೆ. ಫೇಡ್ ಮೂವತ್ತು ಸೆಕೆಂಡಿನದಾದರೆ ನಿಂತದ್ದು ಗೊತ್ತಾಗಿ ತಲೆ ಎತ್ತುತ್ತೀರಿ. ಏಳೆಂಟು ನಿಮಿಷ ಎಳೆದರೆ ಯಾವಾಗ ನಿಂತಿತೋ ದೇವರಿಗೇ ಗೊತ್ತು. ಅನುಮಾನಪಟ್ಟವರು ಎಡವಿದ್ದು ಇಲ್ಲೇ, ಅವರ ತಲೆಯಲ್ಲಿದ್ದದ್ದು ಪಟಕ್ಕನೆ ನಿಲ್ಲುವ ಸಂಗೀತ.

ಎಲ್ಲದರ ಮೇಲೂ ಕಂಪ್ರೆಸರ್ (ಜೋರು ಸದ್ದನ್ನು ಅದುಮುವ ಸಾಧನ) ಗಟ್ಟಿಯಾಗಿಯೇ ಹಾಕಿ, ಏರಿಳಿತ ಸಪಾಟಾಗಬೇಕು. ಸಂಗೀತಗಾರ ಸ್ನೇಹಿತರಿಗೆ ಇದನ್ನು ಕೇಳಿಸಬೇಡಿ, ಬೈಗುಳ ಖಾತ್ರಿ. ವಾಲ್ಯೂಮಿಗೆ ಮೀಟರ್ ಬೇಕಿಲ್ಲ: ಹಾಳೆ ಮಗುಚಿದ ಸದ್ದು ಸಂಗೀತದ ಮೇಲೆ ಕೇಳಬೇಕು, ಅಷ್ಟೇ. ಲೋ-ಫೈಯಿಂದ ಶ್ರುತಿಗೆ ದಾಟುವ ಬೆಸುಗೆ ಹೇಗೆ ಹಾಕಿದೆ ಅನ್ನುವುದು ಮತ್ತು ಮೊದಲ ತುಣುಕನ್ನು ಎಲ್ಲಿಂದ ಆರಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಒಂದು ತಿಂಗಳ ಸಂಜೆಗಳು ಅದಕ್ಕೇ ಹೋಗಿವೆ.

ನಡುವೆ ಇನ್ನೊಂದು ಹುಚ್ಚಾಟ ಆಡಿದೆ. ಪ್ರತಿ ವಿಷಯಕ್ಕೂ ಬೇರೆ ಫೈಲು, ಪರೀಕ್ಷೆಯಲ್ಲಿ ಆ ಶ್ರುತಿ ಮನಸ್ಸಿನಲ್ಲೇ ಗುನುಗಿದರೆ ಪಾಠ ನೆನಪಾಗಬಹುದೆಂದು. ಶ್ರುತಿ ನೆನಪಾಯಿತು, ಪಾಠ ಇಲ್ಲ. ಮುಳುಗುಗಾರರ ಮೇಲಿನ 1975ರ ಪ್ರಯೋಗ ನಿಮಗೆ ಗೊತ್ತಿರಬಹುದು: ನೀರೊಳಗೆ ಕಲಿತ ಪದ ನೀರೊಳಗೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ಪರೀಕ್ಷಾ ಕೋಣೆಯಲ್ಲಿ ಇರುವುದು ಮೌನ ಒಂದೇ ತಾನೆ? ಹಾಗಾಗಿ ಕೊನೆಯ ಎರಡು ವಾರ ಫೈಲನ್ನು ಮೊಟಕು ಮಾಡುತ್ತಾ ಬಂದೆ, ಮೊದಲು ಶ್ರುತಿ ಕಡಿಮೆ, ಆಮೇಲೆ ಬೀಟ್ ಕಡಿಮೆ. ಹಿಂದಿನ ದಿನ ಏನೂ ಇಲ್ಲ. ಲೆಕ್ಕ ಬಿಡಿಸುವ ದಿನಗಳಿಗೆ ಮಾತ್ರ ಬೀಟಿನ ಭಾಗ ಸ್ವಲ್ಪ ಉದ್ದ ಇಟ್ಟೆ, ಕೈ ಓಡುವ ಕೆಲಸಕ್ಕೆ ಅದು ತೊಂದರೆ ಕೊಡಲಿಲ್ಲ. ಕಂಠಪಾಠದ ದಿನ ಐದೇ ನಿಮಿಷ.

ಫೈಲು ಮುಗಿದದ್ದೇ ತಡ, ಪ್ಲೇಯರ್ ತನಗೆ ತೋಚಿದ ಇನ್ನೊಂದು ಹಾಡು ಹಾಕಿಬಿಡುತ್ತದೆ. ಆಟೋಪ್ಲೇ ಆಫ್ ಮಾಡಿದರೂ ಅಪ್‌ಡೇಟ್ ಆದಾಗ ಮತ್ತೆ ಆನ್ ಆಗಿರುತ್ತದೆ. ಅದಕ್ಕೆ ಫೇಡ್ ಮುಗಿದ ಮೇಲೆ ಅಡಾಸಿಟಿಯ ಜನರೇಟ್ ಮೆನುವಿನಿಂದ ಎರಡು ಗಂಟೆ ಖಾಲಿ ಮೌನ ಸೇರಿಸಿಯೇ ಎಕ್ಸ್‌ಪೋರ್ಟ್ ಮಾಡಿ. ಫೈಲು ಸ್ವಲ್ಪ ದಪ್ಪಗಾಗುತ್ತೆ, ಮಾನೊ ಮತ್ತು ಕಡಿಮೆ ಬಿಟ್‌ರೇಟ್ ಇಟ್ಟರೆ ಅದೂ ಅಷ್ಟಾಗಿ ಇಲ್ಲ.