ಕನಿಷ್ಠ ಪಗಾರ, ತುಟ್ಟಿ ಬದುಕು, ಸರ್ಕಾರದ ಖರ್ಚು: ಚರ್ಚೆಗೆ ಸಿದ್ಧರಾಗುವ ಬಗೆ

ಕಲಬುರಗಿಯ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಾಗಲಿ, ಕಾರ್ಮಿಕ ಸಂಘದ ಸಭೆಯಲ್ಲಾಗಲಿ, ದಾಲ್ ಮಿಲ್ ಮಾಲೀಕರು ಕೂಡುವ ಕಡೆಯಲ್ಲಾಗಲಿ ಕನಿಷ್ಠ ವೇತನದ ಮಾತು ಬಂತೆಂದರೆ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ: ದುಡಿದವರಿಗೆ ಎಷ್ಟು ಕೊಡಬೇಕು, ಕೊಟ್ಟದ್ದರಲ್ಲಿ ಬದುಕು ಸಾಗುತ್ತದೆಯೇ, ಸಾಗದಿದ್ದರೆ ಸರ್ಕಾರ ಎಷ್ಟು ತುಂಬಿಕೊಡಬೇಕು. ಒಬ್ಬರು ಪಗಾರದ ಪ್ರಶ್ನೆ ಎತ್ತಿದರೆ ಇನ್ನೊಬ್ಬರು ಗ್ಯಾರಂಟಿ ಯೋಜನೆಗಳ ಉತ್ತರ ಕೊಡುತ್ತಾರೆ, ಮೂರನೆಯವರು ಬೇಳೆಯ ದರ ಹೇಳಿ ಕೂರುತ್ತಾರೆ. ಈ ಮೂರೂ ಒಂದೇ ಲೆಕ್ಕದ ಭಾಗಗಳು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿರಿ. ಒಂದು ಮನೆಗೆ ತಿಂಗಳಿಗೆ ಬೇಕಾಗುವ ಹಣಕ್ಕೂ ಬರುವ ಹಣಕ್ಕೂ ನಡುವೆ ಉಳಿಯುವ ಕೊರತೆಯನ್ನು ಯಾರಾದರೂ ತುಂಬಲೇಬೇಕು. ಕೆಲಸ ಕೊಡುವವರು ತುಂಬಿದರೆ ಅದು ಪಗಾರ, ಖಜಾನೆ ತುಂಬಿದರೆ ಸರ್ಕಾರದ ಖರ್ಚು. ಇಬ್ಬರೂ ಕೈಬಿಟ್ಟರೆ ಆ ಮನೆಯವರೇ ಸಾಲ ಮಾಡಿ, ಮಕ್ಕಳ ಶಾಲೆ ಬಿಡಿಸಿ, ಗುಳೆ ಹೋಗಿ ತುಂಬಿಕೊಳ್ಳುತ್ತಾರೆ. ನೀವು ಪರವಾಗಿ ಮಾತನಾಡಿದರೂ ವಿರೋಧವಾಗಿ ಮಾತನಾಡಿದರೂ ವಾದವನ್ನು ಈ ಪ್ರಶ್ನೆಯ ಮೇಲೆಯೇ ಕಟ್ಟಿರಿ: ಕೊರತೆಯನ್ನು ಯಾರು ತುಂಬಬೇಕು?

ವಿಷಯವನ್ನು ಕಿರಿದು ಮಾಡಿಕೊಳ್ಳುವುದು

‘ಕನಿಷ್ಠ ವೇತನ ಏರಿಸಬೇಕೇ’ ಎಂಬ ವಿಷಯ ತೀರಾ ಸಡಿಲವಾದದ್ದು. ಯಾವ ಕೆಲಸಕ್ಕೆ, ಯಾವ ಊರಲ್ಲಿ, ಯಾರ ಹಣದಿಂದ ಎಂಬುದು ವಿಷಯದಲ್ಲಿಯೇ ಕಾಣಬೇಕು. ‘ಕಲಬುರಗಿಯ ಹೊರಗುತ್ತಿಗೆ ನೌಕರರಿಗೆ ಬೆಂಗಳೂರಿಗೆ ನಿಗದಿಯಾದ ದರವನ್ನೇ ಕೊಡಬೇಕು’ ಎಂದು ಇಟ್ಟುಕೊಂಡರೆ ಎರಡೂ ಕಡೆಯವರಿಗೆ ನಿಲ್ಲಲು ನೆಲ ಸಿಗುತ್ತದೆ. ನಮ್ಮ ರಾಜ್ಯದ ವೇತನ ಅಧಿಸೂಚನೆಗಳು ಪ್ರದೇಶಗಳನ್ನು ವಲಯಗಳಾಗಿ ವಿಂಗಡಿಸಿ, ರಾಜಧಾನಿಗೆ ಹೆಚ್ಚು, ಸಣ್ಣ ಊರುಗಳಿಗೆ ಕಡಿಮೆ ದರ ಇಡುತ್ತ ಬಂದಿವೆ. ಇಲ್ಲಿ ಬಾಡಿಗೆ ಕಡಿಮೆ ಎಂಬುದು ನಿಜ. ಆದರೆ ಅಡುಗೆ ಎಣ್ಣೆ, ಔಷಧ, ಮೊಬೈಲ್ ರೀಚಾರ್ಜ್, ಗ್ಯಾಸ್ ಸಿಲಿಂಡರ್ ಇಲ್ಲಿಯೂ ಅಷ್ಟೇ ತುಟ್ಟಿ. ದೊಡ್ಡ ಕಾಯಿಲೆಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವ ಖರ್ಚು ಬೇರೆ. ಇಂಥ ವಾದಕ್ಕೆ ಅವಕಾಶ ಮಾಡಿಕೊಡುವುದು ಬಿಗಿಯಾದ ವಿಷಯವೊಂದೇ.

ಕಾನೂನಿನ ಬಗ್ಗೆ ಇಷ್ಟಾದರೂ ತಿಳಿದಿರಬೇಕು. 1948ರ ಕನಿಷ್ಠ ವೇತನ ಕಾಯ್ದೆಯು ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದ್ದು, ಎಲ್ಲ ಉದ್ಯೋಗಗಳನ್ನೂ ಒಳಗೊಳ್ಳುತ್ತದೆ. ಕೇಂದ್ರ ನಿಗದಿಪಡಿಸುವ ತಳಮಟ್ಟದ ವೇತನಕ್ಕಿಂತ ಕಡಿಮೆ ದರವನ್ನು ರಾಜ್ಯಗಳು ಇಡುವಂತಿಲ್ಲ. ಕನಿಷ್ಠ ವೇತನವನ್ನು ಜೀವನ ನಿರ್ವಹಣಾ ವೇತನದೊಂದಿಗೆ, ಅಂದರೆ ಮರ್ಯಾದೆಯ ಬದುಕಿಗೆ ಸಾಲುವಷ್ಟು ಪಗಾರದೊಂದಿಗೆ, ಬೆರೆಸಬೇಡಿರಿ: ಮೊದಲನೆಯದು ಕೊಡದಿದ್ದರೆ ದಂಡವಿದೆ, ಎರಡನೆಯದು ಸಂವಿಧಾನದ 43ನೇ ವಿಧಿ ರಾಜ್ಯದ ಮುಂದೆ ಇಟ್ಟ ಗುರಿ. ಮಾಲೀಕರಿಗೆ ಕೊಡುವ ಶಕ್ತಿ ಇಲ್ಲ ಎಂಬುದು ಕನಿಷ್ಠ ವೇತನ ತಪ್ಪಿಸಿಕೊಳ್ಳಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 1961ರಲ್ಲಿಯೇ ಉನ್ನಿಚೋಯಿ ಪ್ರಕರಣದಲ್ಲಿ ಹೇಳಿದೆ. ವಿರೋಧ ಪಕ್ಷದವರಾಗಿದ್ದರೆ ಈ ತೀರ್ಪನ್ನು ಮರೆತು ವೇದಿಕೆ ಹತ್ತಬೇಡಿರಿ.

ಒಂದು ಮನೆಯ ತಿಂಗಳ ಲೆಕ್ಕ

ಇಡೀ ಸಿದ್ಧತೆಯಲ್ಲಿ ಹೆಚ್ಚು ಸಮಯ ಬೇಡುವುದು ಈ ಕೆಲಸ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಅಗತ್ಯಗಳಿಂದ ಲೆಕ್ಕ ಹಾಕುವ ಒಂದು ಮಾರ್ಗ ತೋರಿಸಿತು. ಅದರಂತೆ ದುಡಿಯುವ ಒಬ್ಬರನ್ನು ನಂಬಿದ ಮನೆಯನ್ನು 3 ಬಳಕೆಯ ಘಟಕಗಳೆಂದು (ವಯಸ್ಕ ಗಂಡಸೊಬ್ಬನ ಬಳಕೆ ಒಂದು ಘಟಕ) ಎಣಿಸಬೇಕು. ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಸರ್ಕಾರಿ ಕೈಗಾರಿಕಾ ವಸತಿಯ ಮಟ್ಟದ ಬಾಡಿಗೆ; ಇವಲ್ಲದೆ ಉರುವಲು, ದೀಪ ಮತ್ತು ಇತರೆ ಖರ್ಚಿಗೆ ಒಟ್ಟು ವೇತನದ ಶೇ 20. ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಮದುವೆ, ವೃದ್ಧಾಪ್ಯದಂಥ ಖರ್ಚುಗಳಿಗೆ ಇನ್ನೂ ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1991ರ ಅಕ್ಟೋಬರಿನಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು.

ಈ ಚೌಕಟ್ಟನ್ನು ಹಿಡಿದು ಗಂಜಿನ (ಧಾನ್ಯದ ಸಗಟು ಮಾರುಕಟ್ಟೆಯ) ಮತ್ತು ಕಿರಾಣಾ ಬಜಾರಿನ ಇಂದಿನ ದರಗಳನ್ನು ಬರೆದುಕೊಳ್ಳಿರಿ. ಜೋಳ, ತೊಗರಿಬೇಳೆ, ಶೇಂಗಾ ಎಣ್ಣೆ, ಖಾರ, ಉಳ್ಳಾಗಡ್ಡಿ, ಹಾಲು ಇವುಗಳಿಂದ ಆರಂಭಿಸಿರಿ. ಪಡಿತರದ ಅಕ್ಕಿಯನ್ನು ಲೆಕ್ಕದಿಂದ ತೆಗೆಯಿರಿ, ಆದರೆ ರೊಟ್ಟಿಗೆ ಬೇಕಾದ ಜೋಳದ ಬಹುಪಾಲನ್ನು ಕೊಂಡೇ ತರಬೇಕೆಂಬುದನ್ನು ಮರೆಯಬೇಡಿರಿ. ಉದ್ರಿ ಅಂಗಡಿಯಲ್ಲಿ ಕೊಳ್ಳುವವರಿಗೆ ಬೀಳುವ ದರವೇ ಬೇರೆ ಇರಬಹುದು, ಅದನ್ನೂ ಕೇಳಿರಿ. ಸೂತ್ರವನ್ನು ಪ್ರಶ್ನಿಸಲೂ ಹಿಂಜರಿಯಬೇಡಿರಿ: ಅದು ಗಂಡಸನ್ನು 1, ಹೆಂಡತಿಯನ್ನು 0.8, ಎರಡು ಮಕ್ಕಳನ್ನು ತಲಾ 0.6 ಎಂದು ಎಣಿಸಿದೆ. ಮುದಿ ತಂದೆತಾಯಿಗಳಿಗೆ ಅಲ್ಲಿ ಜಾಗವಿಲ್ಲ. ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತು ದಿನವಿಡೀ ಏರಿಳಿಯುವ ಹೆಂಗಸಿಗೆ ಹಸಿವು ಕಡಿಮೆ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ, ಸಭೆಯ ಮುಂದೆ ಇದನ್ನು ಹೇಳಲೇಬೇಕು.

ಈಗ ಆದಾಯದ ಬದಿಗೆ ಬನ್ನಿರಿ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕರ್ನಾಟಕದ ಕೂಲಿ 2023-24ರಲ್ಲಿ ದಿನಕ್ಕೆ 316 ರೂಪಾಯಿ, 2024-25ರಲ್ಲಿ 349, 2025-26ರಲ್ಲಿ 370. ಕೊನೆಯ ಏರಿಕೆ ಶೇ 6ರಷ್ಟು. ದಿನಗೂಲಿಯನ್ನು 30ರಿಂದ ಗುಣಿಸುವ ತಪ್ಪು ಸಾಮಾನ್ಯ. ಕೆಲಸ ಸಿಕ್ಕ ದಿನಗಳಿಂದ ಮಾತ್ರ ಗುಣಿಸಬೇಕು. ಆ ಕಾಯ್ದೆ ಹೇಳಿದ ಪೂರ್ತಿ 100 ದಿನ ಸಿಕ್ಕಿದ್ದರೂ 2025-26ರ ದರದಲ್ಲಿ 37,000 ರೂಪಾಯಿ, ಅಂದರೆ ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 3,083. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದಾಗ ಖಜಾನೆಯ ಹಣ ಇಂಥ ಮನೆಗಳಲ್ಲಿ ಎಷ್ಟು ತೂಕದ್ದು ಎಂಬುದು ಸ್ಪಷ್ಟವಾಗುತ್ತದೆ.

ಎದುರು ಪಕ್ಷದ ಗಟ್ಟಿ ವಾದ

ಪಗಾರ ಏರಿದರೆ ಬೆಲೆ ಏರುತ್ತದೆ ಎಂಬ ಮಾತಿಗೆ ‘ಸುಳ್ಳು’ ಎಂದು ಉತ್ತರಿಸಿದರೆ ಸೋಲುತ್ತೀರಿ. ಎಷ್ಟು ಏರುತ್ತದೆ ಎಂದು ಕೇಳಿರಿ. ಒಂದು ಉದ್ದಿಮೆಯ ಒಟ್ಟು ವೆಚ್ಚದಲ್ಲಿ ಕೂಲಿಯ ಪಾಲು ಶೇ 10 ಎಂದಿಟ್ಟುಕೊಳ್ಳೋಣ. ಕೂಲಿ ಶೇ 30 ಏರಿದರೂ ವೆಚ್ಚ ಏರುವುದು ಶೇ 3 ಮಾತ್ರ. ಪಾಲು ಶೇ 60 ಆಗಿದ್ದರೆ ವೆಚ್ಚ ಶೇ 18 ಏರುತ್ತದೆ. ದಾಲ್ ಮಿಲ್ಲಿನ ವೆಚ್ಚದಲ್ಲಿ ಕಚ್ಚಾ ತೊಗರಿಯದೇ ಸಿಂಹಪಾಲು, ಕೈಯಿಂದ ಫರಸಿ ಕಲ್ಲು ಎಬ್ಬಿಸುವ ಶಹಾಬಾದಿನ ಖಣಿಯಲ್ಲಿ ಕೂಲಿಯ ಪಾಲು ದೊಡ್ಡದು. ಎರಡಕ್ಕೂ ಒಂದೇ ಉತ್ತರ ಹೊಂದುವುದಿಲ್ಲ.

ಉದ್ಯೋಗ ಕಡಿಮೆಯಾಗುತ್ತದೆ ಎಂಬ ವಾದಕ್ಕೆ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರ 1994ರ ಅಧ್ಯಯನವನ್ನು ತರುವುದು ವಾಡಿಕೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಗಂಟೆಯ ಕನಿಷ್ಠ ವೇತನ 4.25ರಿಂದ 5.05 ಡಾಲರಿಗೆ ಏರಿದಾಗ, ಪಕ್ಕದ ಪೆನ್ಸಿಲ್ವೇನಿಯಕ್ಕೆ ಹೋಲಿಸಿದರೆ ಫಾಸ್ಟ್‌ಫುಡ್ ಹೋಟೆಲುಗಳ ಕೆಲಸ ಕಡಿಮೆಯಾಗಲಿಲ್ಲ ಎಂದು ಅವರು ತೋರಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಇದನ್ನು ಪ್ರಶ್ನಿಸಿದ್ದಾರೆ ಎಂಬುದನ್ನೂ ನೀವೇ ಹೇಳಿಬಿಡಿರಿ. ಅಲ್ಲಿನ ಹೋಟೆಲಿನ ಫಲಿತಾಂಶ ಸೇಡಂ ಸೀಮೆಯ ಹೊಲಕ್ಕೆ ನೇರವಾಗಿ ಒಪ್ಪುವುದಿಲ್ಲ ಎಂಬ ಎಚ್ಚರವೂ ಇರಲಿ.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಿರೋಧ ಬರುವುದು ಸಣ್ಣ ರೈತರಿಂದ. ನಾಲ್ಕು ಎಕರೆ ತೊಗರಿ ಹಾಕಿದವರು ಕಳೆ ತೆಗೆಯಲು, ಕಟಾವಿಗೆ ಆಳು ಕರೆಯುತ್ತಾರೆ. ಅವರಿಗೆ ತಮ್ಮ ಬೆಳೆಯ ದರದ ಮೇಲೆ ಹಿಡಿತವಿಲ್ಲ, ಏರಿದ ಕೂಲಿಯನ್ನು ಯಾರ ಮೇಲೂ ಹೊರಿಸಲಾರರು. ತೊಗರಿಯ ದರ ಏರಿದರೆ ಅವರಿಗೆ ಉಸಿರು, ಅದೇ ಬೇಳೆಯನ್ನು ಕೊಳ್ಳುವ ಕೂಲಿಯವರಿಗೆ ಹೊರೆ. ಕಲಬುರಗಿಯಲ್ಲಿ ನಿಂತು ‘ಬೆಲೆ ಇಳಿಯಲಿ’ ಎನ್ನುವವರು ಈ ಪೇಚನ್ನು ಎದುರಿಸಲೇಬೇಕು. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ಇದ್ದಾಗ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿಗೆ ಮುಂದಾಯಿತು. ಆ 450 ರೂಪಾಯಿಯ ಭಾರ ಬಿದ್ದದ್ದು ಖಜಾನೆಯ ಮೇಲೆ. ಸಣ್ಣ ರೈತರಿಂದ ನ್ಯಾಯವಾದ ಕೂಲಿ ಕೊಡಿಸಬೇಕಾದರೆ ಇಂಥ ಖರ್ಚು ಬೇಕು ಎಂಬುದು ನನ್ನ ನಿಲುವು. ನೀವು ಒಪ್ಪದಿದ್ದರೆ ಬೇರೆ ದಾರಿ ಹೇಳಬೇಕು, ರೈತರನ್ನು ಲೆಕ್ಕದಿಂದ ಬಿಡುವುದು ದಾರಿಯಲ್ಲ.

ಖಜಾನೆಯ ಮಾತು

2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ಎಂಟನೆಯ ಒಂದು ಭಾಗದಷ್ಟು. ಅದೇ ವರ್ಷ ಎತ್ತಲು ಉದ್ದೇಶಿಸಿದ ಸಾಲ 1,16,000 ಕೋಟಿ. ಪರ ಮಾತನಾಡುವವರು ಮೊದಲ ಎರಡು ಅಂಕಿಗಳನ್ನು, ವಿರೋಧಿಸುವವರು ಕೊನೆಯದನ್ನು ಮಾತ್ರ ಹೇಳುತ್ತಾರೆ. ನೀವು ಮೂರನ್ನೂ ಹೇಳಿರಿ. ಬಜೆಟ್ಟಿನಲ್ಲಿ ಇಟ್ಟ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಈ ಮೂರೂ ಬೇರೆ ಎಂಬುದನ್ನು ಕಲ್ಯಾಣ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಫಲವಾಗಿ ಬಂದ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾದಾಗ, ಅದರಲ್ಲಿ ಎಷ್ಟು ವೆಚ್ಚವಾಯಿತು, ಎಷ್ಟು ಕಟ್ಟಡಕ್ಕೆ, ಎಷ್ಟು ಜನರ ಕೈಗೆ ಹೋಯಿತು ಎಂದು ಕೇಳುವುದು ಎರಡೂ ಪಕ್ಷಗಳಿಗೆ ಸಲ್ಲುವ ಪ್ರಶ್ನೆ.

ಸರ್ಕಾರ ಕೊಡುವವರಷ್ಟೇ ಅಲ್ಲ, ದುಡಿಸಿಕೊಳ್ಳುವವರೂ ಹೌದು. ಬರ ಪರಿಹಾರ ಕಾಮಗಾರಿಯಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಸಂಜಿತ್ ರಾಯ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆಶಾ ಕಾರ್ಯಕರ್ತೆಯರಿಗೆ, ಬಿಸಿಯೂಟದ ಅಡುಗೆಯವರಿಗೆ ಪಗಾರದ ಬದಲು ‘ಗೌರವಧನ’ ಕೊಡುವ ವ್ಯವಸ್ಥೆಯನ್ನು ಈ ಬೆಳಕಿನಲ್ಲಿ ಚರ್ಚೆಗೆ ಇಡಿರಿ. ಖಾಸಗಿ ಮಾಲೀಕರಿಗೆ ಕಾಯ್ದೆ ತೋರಿಸುವ ಸರ್ಕಾರ ತನ್ನ ಕೆಲಸದವರಿಗೆ ಎಷ್ಟು ಕೊಡುತ್ತಿದೆ ಎಂಬ ಪ್ರಶ್ನೆಗೆ ಎದುರು ಪಕ್ಷದಿಂದ ಸುಲಭದ ಉತ್ತರ ಬರುವುದಿಲ್ಲ.

ವೇದಿಕೆಯ ಮೇಲೆ

ಸಭೆಯಲ್ಲಿ ಹಮಾಲರು, ಪೌರಕಾರ್ಮಿಕರು ಕುಳಿತಿದ್ದರೆ ಅವರ ಬಗ್ಗೆ ‘ಇಂಥವರು’ ಎಂದು ಮಾತನಾಡದೆ, ಅವರನ್ನೇ ಉದ್ದೇಶಿಸಿ ಮಾತನಾಡಿರಿ. ಮನೆಯ ಲೆಕ್ಕವನ್ನು ಓದಿ ಹೇಳಿ, ತಪ್ಪಿದ್ದರೆ ತಿದ್ದಲು ಕೇಳಿರಿ. ಅಂಕಿಗಳನ್ನು ಸುರಿಯುವುದಕ್ಕಿಂತ ಮೂರು ಅಂಕಿಗಳನ್ನು ಬಿಡಿಸಿ ಹೇಳುವುದು ಲೇಸು. ಪ್ರತಿ ಅಂಕಿಗೂ ವರ್ಷ ಸೇರಿಸಿರಿ, ಹಳೆಯ ಪಗಾರವನ್ನು ಹೊಸ ಬೆಲೆಯೊಂದಿಗೆ ಹೋಲಿಸಬೇಡಿರಿ. ಎದುರಾಳಿ ಹೇಳಿದ್ದನ್ನು ಅವರು ಒಪ್ಪುವ ಮಾತಿನಲ್ಲಿ ಒಮ್ಮೆ ಹೇಳಿದ ಮೇಲೆಯೇ ಉತ್ತರ ಆರಂಭಿಸಿರಿ. ಕೊನೆಯ ಎರಡು ನಿಮಿಷಗಳನ್ನು ಕೊರತೆಯ ಹಂಚಿಕೆಗೆ ಮೀಸಲಿಡಿರಿ: ನೀವು ಕೂಡಿಸಿದ ಮನೆಯ ಕೊರತೆ ಇಷ್ಟು, ಅದರಲ್ಲಿ ಮಾಲೀಕರ ಪಾಲು ಇಷ್ಟು, ಖಜಾನೆಯ ಪಾಲು ಇಷ್ಟು, ಮನೆಯವರ ಮೇಲೆ ಉಳಿಯುವುದು ಇಷ್ಟು ಎಂದು ರೂಪಾಯಿಯಲ್ಲಿ ಹೇಳಿರಿ. ವಿರೋಧ ಪಕ್ಷದವರೂ ಇದೇ ಹಂಚಿಕೆಯನ್ನು ತಮ್ಮ ಅಂಕಿಗಳಿಂದ ತುಂಬಿ ಹೇಳುವಂತೆ ಆಯೋಜಕರು ಮೊದಲೇ ನಿಯಮ ಮಾಡಿಟ್ಟರೆ ತೀರ್ಪುಗಾರರ ಕೆಲಸ ಹಗುರಾಗುತ್ತದೆ.

ಲೆಕ್ಕದ ಹಾಳೆಯನ್ನು ಎಸೆಯದೆ ಕಾಲೇಜಿನಲ್ಲೋ ಸಂಘದ ಕಚೇರಿಯಲ್ಲೋ ಇಟ್ಟುಕೊಳ್ಳಿರಿ. ರಾಜ್ಯದಲ್ಲಿ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿ ಭತ್ಯೆಯ ಪರಿಷ್ಕರಣೆ ಏಪ್ರಿಲ್ 1ರಿಂದ ಜಾರಿಗೆ ಬರುತ್ತ ಬಂದಿದೆ, ಬಜೆಟ್ ಸಾಮಾನ್ಯವಾಗಿ ಅದಕ್ಕೂ ಮುಂಚೆ ಮಂಡನೆಯಾಗುತ್ತದೆ. ಆ ಎರಡೂ ಕೈಸೇರಿದ ಮೇಲೆ ಅದೇ ಅಂಗಡಿಗಳಿಗೆ ಮತ್ತೆ ಹೋಗಿ ದರ ಬರೆದುಕೊಂಡರೆ ಮುಂದಿನ ವರ್ಷದ ಚರ್ಚೆಗೆ ಬೇಕಾದ ಹೋಲಿಕೆ ನಿಮ್ಮ ಕೈಯಲ್ಲಿಯೇ ಇರುತ್ತದೆ.